ಎಣಿಸಬಾರದ ಕುರಿಗಳು

ಹೋದ ವಾರ ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒಬ್ಬರು ಬಂದು ಕೂತರು. ಹೆಗಲ ಮೇಲೆ ಕರಿ ಕಂಬಳಿ, ಮಳೆಗೆ ನೆನೆದದ್ದು. ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಆದಿವಾಲದ ಕುರಿ ಅಜ್ಜಿ ನೆನಪಾದರು... ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ನಾಚಿಕೆಯಾದಾಗ ಹಾಗೆ ಮಾಡುವುದು ನನ್ನ ಹಳೆಯ ಚಾಳಿ.

ಬಹಳ ವರ್ಷಗಳ ಹಿಂದೆ ನಾನೊಂದು ಸಂಸ್ಥೆಯಲ್ಲಿ ಸರ್ವೆ ಕೆಲಸಕ್ಕಿದ್ದೆ. ಕೆಲವು ವರ್ಷಕ್ಕೊಮ್ಮೆ ಅದೇ ಊರಿನ ಅದೇ ಮನೆಗಳಿಗೆ ಹೋಗಿ ವರಮಾನ ಕೇಳಿ ಬರೆದುಕೊಳ್ಳುತ್ತಿದ್ದೆವು. ಆಮೇಲೆ ಎಲ್ಲ ಮನೆಗಳನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲು ಹಚ್ಚಿ, ಸರಿಯಾಗಿ ನಡುವೆ ನಿಂತ ಮನೆಯ ವರಮಾನ ಎಷ್ಟು ಎಂದು ನೋಡುವುದು. ಆ ನಡುವಿನ ಗೆರೆ ಏರಿತೋ ಇಳಿಯಿತೋ ಎಂಬುದೇ ನಮ್ಮ ವರದಿ. ಗೆರೆಯ ಕೆಳಗಿದ್ದು ಸೂರು ಸೋರುವ ಮನೆಗಳಿಗೆ ಸಂಸ್ಥೆಯವರು ತಗಡಿನ ಶೀಟು ಕೊಡುತ್ತಿದ್ದರು.

ಅಜ್ಜಿಯ ಮನೆಯಲ್ಲಿ ಅವರು, ವಿಧವೆ ಸೊಸೆ, ಇಬ್ಬರೇ. ನಾನು ಬಾಗಿಲಿಗೆ ಹೋದ ಕೂಡಲೇ, "ಲೆಕ್ಕದಪ್ಪ ಬಂದ, ಕಂಬಳಿ ಹಾಸೇ" ಎಂದು ಸೊಸೆಗೆ ಹೇಳುತ್ತಿದ್ದರು. ರಾಗಿ ಎಷ್ಟು ಚೀಲ, ಕೂಲಿ ಎಷ್ಟು ದಿನ, ಉಣ್ಣೆ ಎಷ್ಟಕ್ಕೆ ಹೋಯಿತು, ಎಲ್ಲಕ್ಕೂ ಉತ್ತರವಿತ್ತು. ಕುರಿ ಎಷ್ಟು ಎಂದರೆ ಮಾತ್ರ ನಗುತ್ತಿದ್ದರು.

"ಅವೆ ಕಣಪ್ಪ, ದೇವ್ರು ಕೊಟ್ಟಷ್ಟು. ಬಾಯಿಬಿಟ್ಟು ಎಣಿಸಬಾರ್ದು, ಎಣಿಸಿದ್ರೆ ಉಳಿಯಲ್ಲ."

ಕುರಿ ಸಾಕುವ ಮನೆಗಳಲ್ಲಿ ಇದು ಸಾಮಾನ್ಯ. ನನಗೋ ಹಾಳೆಯಲ್ಲಿ ಒಂದು ಖಾನೆ ಖಾಲಿ ಉಳಿದರೆ ಸಹಿಸಲಾಗದು. ಒಂದು ಸುತ್ತಿನಲ್ಲಿ, ಕೇಳಿದ ಮರುದಿನ ಬೆಳಿಗ್ಗೆ ಅವರ ಕುರಿ ರೊಪ್ಪದ ಬೇಲಿಯ ಪಕ್ಕ ನಿಂತೆ. ಕುರಿಗಳು ಮೇಯಲು ಒಂದೊಂದಾಗಿ ಹೊರಬರುವಾಗ ಬೆರಳು ಮಡಚಿ ಎಣಿಸಿದೆ. ಐವತ್ತೆರಡು. ದೊಡ್ಡ ಕೆಲಸ ಗೆದ್ದವನಂತೆ ಬರೆದುಕೊಂಡೆ. ಅಷ್ಟೂ ಕುರಿಗಳ ವರಮಾನ ಸೇರಿ ಅಜ್ಜಿಯ ಮನೆ ನಡುವಿನ ಗೆರೆಯನ್ನು ದಾಟಿ ಮೇಲಕ್ಕೆ ಹೋಯಿತು, ಶೀಟಿನ ಪಟ್ಟಿಯಿಂದ ಬಿಟ್ಟುಹೋಯಿತು.

ಮುಂದಿನ ಸುತ್ತಿಗೆ ಹೋದಾಗ ಮಳೆಗಾಲ. ಒಳಗೆ ಮೂರು ಕಡೆ ಪಾತ್ರೆ ಇಟ್ಟಿದ್ದರು. ರಾಗಿ ಚೀಲದ ಮೇಲೆ ಹೊದಿಸಿದ್ದ ಕಂಬಳಿ ನೆನೆದು ಮನೆಯೆಲ್ಲ ಅದೇ ವಾಸನೆ. ಇದ್ದ ಒಂದೇ ಒಣ ಕಂಬಳಿಯನ್ನು ನನಗೆ ಹಾಸಿದರು.

"ಇಷ್ಟೊಂದು ಕುರಿ ಅವೆ, ಸೂರು ರಿಪೇರಿ ಮಾಡಿಸಬಾರದಾ ಅಜ್ಜಿ?" ಎಂದೆ. ದೊಡ್ಡ ಬುದ್ಧಿವಂತ ನಾನು.

"ಅವೆಲ್ಲ ನಮ್ಮವು ಅಂದ್ಕಂಡ್ಯಾ? ಊರೋರವು ಕಣಪ್ಪ, ಪಾಲಿಗೆ ಮೇಯಿಸ್ತೀವಿ. ಮರಿ ಆದ್ರೆ ಅದ್ರಾಗೆ ಅರ್ಧ ನಮ್ಗೆ. ನಮ್ಮವು ಅಂದ್ರೆ ಕೈಬೆರಳು ಸಾಲ್ತವೆ." ಸೋರುವ ಕಡೆಗೆ ಪಾತ್ರೆ ಸರಿಸುತ್ತಾ ಕೇಳಿದರು, "ಈ ಸಲ ಶೀಟು ಬತ್ತಾವೇನಪ್ಪ?"

"ನೋಡಾಣ ಅಜ್ಜಿ," ಎಂದೆ.

ನೋಡಲಿಲ್ಲ. ತಿದ್ದಿದ್ದರೆ ಹಿಂದಿನ ಸುತ್ತಿನ ತಪ್ಪು ಬಯಲಾಗುತ್ತಿತ್ತು, ಉಳಿದ ಮನೆಗಳನ್ನು ಹೇಗೆ ಬರೆದೆ ಎಂದು ಮೇಲಿನವರು ಕೇಳುತ್ತಿದ್ದರು. ಮತ್ತೆ ಐವತ್ತೆರಡಕ್ಕೆ ಹತ್ತಿರದ ಸಂಖ್ಯೆಯನ್ನೇ ಬರೆದೆ. ಒಂದು ಮನೆ ತಪ್ಪಾದರೆ ನಡುವಿನ ಗೆರೆ ಅಲುಗಾಡುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಅದು ನಿಜವೂ ಹೌದು. ಗೆರೆ ಅಲುಗಾಡಲಿಲ್ಲ, ವರದಿಗೆ ಏನೂ ಆಗಲಿಲ್ಲ. ಸೋರಿದ್ದು ಅಜ್ಜಿಯ ಮನೆ. ಮೊದಲನೆಯದನ್ನು ತಿಳಿಯದೆ ಮಾಡಿದೆ ಎನ್ನಬಹುದು. ಎರಡನೆಯದನ್ನು ತಿಳಿದೇ ಮಾಡಿದೆ... ಆಮೇಲೆ ಆ ಕೆಲಸ ಬಿಟ್ಟೆ, ಆ ಊರಿನ ಕಡೆ ತಲೆ ಹಾಕಲಿಲ್ಲ.

ಹೋದ ವಾರ ಹಿರಿಯೂರಿಗೆ ಟಿಕೆಟ್ ತಗೊಂಡಿದ್ದವನು, ಆ ಕಂಬಳಿಯ ವಾಸನೆ ಬಡಿದ ಮೇಲೆ, ಬಸ್ಸು ಬದಲಿಸಿ ಆದಿವಾಲಕ್ಕೆ ಹೋದೆ. ಮನೆಗೆ ಹೊಸ ಶೀಟು ಬಿದ್ದಿತ್ತು. ಸೊಸೆಗೂ ಈಗ ತಲೆ ನರೆತಿದೆ. ನನ್ನ ಗುರುತು ಹಿಡಿದರು.

"ಅತ್ತೆ ಹೋಗಿ ಎರ್ಡು ವರ್ಷ ಆತ್ರಿ. ನಮ್ಮವು ಅಂತ ಇದ್ದ ಕುರಿ ಮಾರಿ ಶೀಟು ಹಾಕ್ಸಿದೆ. ಅಷ್ಟೊತ್ತಿಗೆ ಅವ್ರು ಇರ್ಲಿಲ್ಲ."

ನಾನು ತಪ್ಪು ಬರೆದೆ, ಗೊತ್ತಾದ ಮೇಲೂ ಅದನ್ನೇ ಬರೆದೆ ಎಂದು ಹೇಳಿದೆ. ಮಾತು ಮುಗಿಸಲು ತುಂಬ ಹೊತ್ತು ಹಿಡಿಯಿತು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅತ್ತೆಗೆ ಗೊತ್ತಿತ್ರಿ. ನೀವು ಬೇಲಿ ಹತ್ರ ನಿಂತು ಬೆರಳು ಮಡಚದು ನೋಡಿದ್ರು. 'ಎಣಿಸ್ಕಂಡ್ರೆ ಎಣಿಸ್ಕಳ್ಲಿ ಬಿಡೇ, ಅವ್ನಿಗೂ ಹೊಟ್ಟೆಪಾಡು' ಅಂದ್ರು."

ಹಾಗೆ ಹೇಳುತ್ತಲೇ ಒಳಗಿನಿಂದ ಕಂಬಳಿ ತಂದು ಹಾಸಿದರು. ಅದೇ ಕಂಬಳಿಯೋ ಬೇರೆಯೋ ತಿಳಿಯಲಿಲ್ಲ. ಹೊರಗೆ ಮಳೆ ಜೋರಾಗಿತ್ತು, ಕಂಬಳಿ ಮಾತ್ರ ಒಣಗಿತ್ತು.

"ಕುಂತ್ಕಳ್ರಿ," ಎಂದರು. ಇನ್ನೊಮ್ಮೆ ಹೇಳಿದರು. ನಾನು ನಿಂತೇ ಇದ್ದೆ.