ಶನಿವಾರದ ಎಣ್ಣೆಯಲ್ಲಿ ರಘುವಿನ ಮುಖ

ಆಗಿನ ಬಾಗಲಕೋಟೆಯಲ್ಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ವಾಸನೆ ಇತ್ತು ಎಂದು ಬರೆಯಲು ಹೊರಟಿದ್ದೆ. ಅದು ಪೂರ್ತಿ ನಿಜವಲ್ಲ. ನನಗೆ ನೆನಪಿರುವುದು ಶನಿವಾರದ್ದು ಮಾತ್ರ: ಜಿಡ್ಡುಗಟ್ಟಿದ ಹಿತ್ತಾಳೆಯ ವಾಸನೆ, ಹಳೆಯ ಎಣ್ಣೆಯ ವಾಸನೆ. ಐವತ್ತರ ದಶಕದ ಮಾತು. ನನಗೆ ಎಂಟು ವರ್ಷವಿದ್ದೀತು. ಸಾಲೆ ಬಿಟ್ಟು ಬರುವ ಹೊತ್ತಿಗೆ, ಶನಿದೇವರ ಹೆಸರಲ್ಲಿ ಮನೆಮನೆಗೆ ಎಣ್ಣೆ ಬೇಡುವ ಶಂಕ್ರಪ್ಪ ನಮ್ಮ ಓಣಿಯಲ್ಲಿರುತ್ತಿದ್ದ. ಅವನ ಕೈಯ ಪಾತ್ರೆಯಲ್ಲಿ ಕಬ್ಬಿಣದ ಶನಿದೇವರು ಎದೆಮಟ್ಟ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತಿದ್ದ. ಹೆಂಗಸರು ಬಟ್ಟಲಲ್ಲಿ ಎಣ್ಣೆ ತಂದು, ಅದರಲ್ಲಿ ತಮ್ಮ ಮುಖ ನೋಡಿಕೊಂಡು, ಆ ಪಾತ್ರೆಗೆ ಸುರಿಯುತ್ತಿದ್ದರು. ಮುಖದ ಜೊತೆ ಮನೆಯ ಪೀಡೆಯೂ ಹೊರಗೆ ಹೋಗುತ್ತದೆ ಎಂಬ ನಂಬಿಕೆ.

ಅಜ್ಜಿ ಒಂದು ಶನಿವಾರವೂ ತಪ್ಪಿಸುತ್ತಿರಲಿಲ್ಲ. ಎಣ್ಣೆ ಸುರಿದು, ಹಿಂದೆ ನೋಡದೆ ಒಳಗೆ ಬಂದು ಕಾಲು ತೊಳೆದುಕೊಳ್ಳುತ್ತಿದ್ದಳು. ಅಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. ಅವರು ಹೈಸ್ಕೂಲಿನಲ್ಲಿ ಮಾಸ್ತರರು. ಟಾಂಗಾದವನಿಗೆ, ಟಪಾಲಿನವನಿಗೆ ಹಬ್ಬದ ಭಕ್ಷೀಸು ಕೊಡುವಾಗ ಎಂದೂ ಹಿಂದೆಮುಂದೆ ನೋಡಿದವರಲ್ಲ.

"ದುಡದಾವಗ ಖುಷಿಲೆ ಕೊಡ್ತೇನಿ," ಎನ್ನುತ್ತಿದ್ದರು. "ಅಂಜಿಕೊಂಡು ಒಂದು ಹನಿ ಎಣ್ಣಿನೂ ಕೊಡಂಗಿಲ್ಲ."

"ನೀ ಕೊಡಬ್ಯಾಡಪಾ. ನಾ ಕೊಡ್ತೇನಿ. ನಿನ್ನ ಮಾಸ್ತರಿಕಿ ಸಾಲ್ಯಾಗ ಮಾಡು," ಎಂದು ಅಜ್ಜಿ ಬಾಯಿ ಮುಚ್ಚಿಸುತ್ತಿದ್ದಳು.

ಶಂಕ್ರಪ್ಪನ ಮಗಳು ಗೌರಿ ನನ್ನ ಗೆಳತಿ. ಇಬ್ಬರೂ ಒಂದೇ ಇಯತ್ತೆ. ಮಧ್ಯಾಹ್ನವೆಲ್ಲ ಅವರ ಮನೆಯ ಕಟ್ಟೆಯ ಮೇಲೆ ಗಜಗ ಆಡುತ್ತಿದ್ದೆವು. ಅವಳ ಜಡೆ ಸದಾ ಎಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು. ಅವರ ಮನೆಯಲ್ಲಿ ಏನೂ ತಿನ್ನಬಾರದೆಂದು ಅಜ್ಜಿಯ ಕಟ್ಟಪ್ಪಣೆ. ನಾನು ತಿಂದು, ಬಾಯಿ ಒರೆಸಿಕೊಂಡು ಬರುತ್ತಿದ್ದೆ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ತಮ್ಮ ರಘುವಿಗೆ ವಿಷಮಶೀತ ಜ್ವರ ಬಂತು. ಹಿಂದಿನ ವರ್ಷ ಎದುರು ಮನೆಯ ಕೂಸು ಇದೇ ಜ್ವರದಲ್ಲಿ ಹೋಗಿತ್ತು. ಅದನ್ನು ಎತ್ತಿಕೊಂಡು ಹೋಗುವಾಗ ಅವ್ವ ನಮ್ಮ ಕಿಟಕಿ ಮುಚ್ಚಿದ್ದು ನನಗೆ ನೆನಪಿತ್ತು. ಡಾಕ್ಟರು ಟಾಂಗಾದಲ್ಲಿ ಬಂದು ಹೊಸ ಗುಳಿಗೆ ಕೊಟ್ಟುಹೋದರು. ಜ್ವರ ಇಳಿಯಲಿಲ್ಲ. ರಘುವಿನ ತುಟಿ ಸುಲಿದು ಕಪ್ಪಾಯಿತು. ಯಾರ ಹೆಸರೋ ಹಿಡಿದು ಬಡಬಡಿಸುತ್ತಿದ್ದ. ಮನೆಯಲ್ಲಿ ಎಲ್ಲರೂ ಪಾತ್ರೆಗಳನ್ನು ಸದ್ದಾಗದಂತೆ ಇಡತೊಡಗಿದರು.

ಶನಿವಾರ ಬಂತು. ಕೂಸೇ ಮುಖ ನೋಡಬೇಕು, ಬಟ್ಟಲು ಸಾಲದು, ತುಂಬಿದ ತಂಬಿಗೆ ಕೊಡಬೇಕು ಎಂದಳು ಅಜ್ಜಿ. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಎದ್ದುಹೋಗಿ ತಾವೇ ತಂಬಿಗೆ ತುಂಬ ಎಣ್ಣೆಯನ್ನು ಅಗಲದ ಪರಾತಕ್ಕೆ ಸುರಿದು ತಂದರು. ಎಳ್ಳೆಣ್ಣೆ ಎಂದು ನನ್ನ ದಿನಚರಿಯಲ್ಲಿ ಒಂದು ಕಡೆ ಬರೆದಿದ್ದೇನೆ. ಕುಸುಬಿಯದು ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಅವಳದೇ ಸರಿ ಇದ್ದೀತು.

ಅಪ್ಪ ರಘುವಿನ ಕುತ್ತಿಗೆಗೆ ಕೈ ಕೊಟ್ಟು ಎತ್ತಿದರು. "ಕಣ್ಣ ತಗಿಯೋ ರಾಜಾ. ಇದರಾಗ ಒಂದೀಟು ನೋಡು."

ಅವರ ಇನ್ನೊಂದು ಕೈಯಲ್ಲಿದ್ದ ಪರಾತ ನಡುಗುತ್ತಿತ್ತು. ಎಣ್ಣೆಯಲ್ಲಿ ರಘುವಿನ ಮುಖ ಒಡೆಯಿತು, ಕೂಡಿತು, ಮತ್ತೆ ಒಡೆಯಿತು. ಅಲ್ಲಿಯವರೆಗೆ ನನಗಿದ್ದದ್ದು ಮಕ್ಕಳ ಅಂಜಿಕೆ. ಅಪ್ಪನಿಗೂ ಅಂಜಿಕೆಯಾಗಿದೆ ಎಂದು ಕಂಡಾಗ, ರಘು ಸಾಯುತ್ತಾನೆ ಎಂದೇ ತಿಳಿದುಕೊಂಡೆ.

ಹೊಸ್ತಿಲಲ್ಲಿ ಅಪ್ಪನನ್ನು ಕಂಡು ಶಂಕ್ರಪ್ಪ ಬೆರಗಾದ. "ಮಾಸ್ತರ್ರಿ, ನೀವ?"

"ಹೂಂ. ತಗೋ," ಎಂದರು ಅಪ್ಪ, ಅವನ ಮುಖ ನೋಡದೆ.

ಅಷ್ಟು ಎಣ್ಣೆ ಅವನ ಪಾತ್ರೆಯಲ್ಲಿ ಹಿಡಿಯದೆ, ಬೇರೆ ಡಬ್ಬಿಯಲ್ಲಿ ತುಂಬಿಕೊಂಡು ಹೋದ.

ನಾನು ಅಜ್ಜಿಯ ಸೆರಗು ಹಿಡಿದೆ. "ಅಜ್ಜಿ, ಆ ಪೀಡಾ ಎಲ್ಲಿಗೆ ಹೋಗ್ತದ?"

"ತಗೊಂಡಾವನ ಬೆನ್ನ ಹತ್ತಿ ಹೋಗ್ತದ."

"ಅಂದ್ರ ಗೌರಿ ಮನಿಗೆ?"

"ಸುಮ್ಮನಿರು! ಅಂಥಾ ಮಾತು ಬಾಯಾಗ ತರಬಾರದು."

ಆಮೇಲೆ ದೇವರ ಮುಂದೆ ಕೂತರೂ ನನಗೆ ಬೇಡಿಕೊಳ್ಳಲು ಆಗಲಿಲ್ಲ. ಜ್ವರ ಹೋಗಲಿ ಎಂದು ಬೇಡಿದರೆ ಅದು ಗೌರಿಗೆ. ಹೋಗದಿರಲಿ ಎಂದರೆ ರಘು. ಕೈ ಮುಗಿದು, ಏನೂ ಬೇಡದೆ ಎದ್ದುಬಂದೆ.

ಮರುದಿನ ಸಂಜೆ ತಡೆಯಲಾರದೆ ಗೌರಿಯ ಮನೆಗೆ ಓಡಿದೆ. ಓಣಿಯ ತಿರುವಿನಲ್ಲೇ ಮೆಣಸಿನಕಾಯಿ ಭಜಿಯ ಘಮ. ಒಲೆಯ ಮುಂದೆ ಅವಳ ತಾಯಿ ಯಲ್ಲವ್ವ.

"ಬಾರವಾ ಸರೂ, ಛೊಲೊ ಹೊತ್ತಿಗೆ ಬಂದಿ! ನಿಮ್ಮನಿ ಎಣ್ಣಿನ ನೋಡು, ಹೆಂಗ ಉಬ್ಬ್ಯಾವ ಭಜಿ. ತಗೋ, ಬಿಸಿ ಐತಿ."

ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. "ಒಲ್ಲೆ."

"ಯಾಕವಾ? ಇವತ್ತ ಅಜ್ಜಿ ಮಡಿ ನೆನಪಾತೇನು? ಮೊನ್ನಿ ನಾಕು ತಿಂದಾಗ ಎಲ್ಲಿ ಹೋಗಿತ್ತ ಅದು?"

ಗೋಡೆಗೊರಗಿ ಕೂತಿದ್ದ ಶಂಕ್ರಪ್ಪನೂ ನಕ್ಕ. "ಬಾಯಿ ಒಲ್ಲೆ ಅಂತೈತಿ, ಹೊಟ್ಟಿ ಹೂಂ ಅಂತೈತಿ. ಕೊಡು, ಕೊಡು."

ಗೌರಿ ಒಂದು ಭಜಿಯನ್ನು ಊದಿ ಊದಿ ಬಾಯಿಗೆ ಒಯ್ದಳು. ನಾನು ಚೀರಿದೆ.

"ತಿನಬ್ಯಾಡ ಗೌರಿ! ಅದರಾಗ ನಮ್ಮ ರಘೂನ ಜ್ವರ ಅದ!"

ಮೊದಲು ನಕ್ಕವಳು ಯಲ್ಲವ್ವನೇ. "ಹುಚ್ಚಿ, ಊರ ಮಂದಿ ಎಲ್ಲಾ ಮುಖಾ ನೋಡಿದ ಎಣ್ಣೀನ ನಾವು ಉಣ್ಣೂದು. ಏನಾಗೇತಿ ನಮಗ? ಗುಂಡಕಲ್ಲಿನಂಗ ಅದೀವಿ." ಹೀಗೆ ಹೇಳುತ್ತಲೇ ಅವಳ ಕೈ ಮಗಳ ಕೈಯಿಂದ ಭಜಿ ಕಸಿದುಕೊಂಡಿತು. ಕೈ ಏನು ಮಾಡಿತೆಂದು ಅವಳಿಗೆ ಗೊತ್ತಾಯಿತೋ ಇಲ್ಲವೋ. ಆಮೇಲೆ ಬಾಣಲೆಯನ್ನು ಒಲೆಯಿಂದ ಕೆಳಗಿಟ್ಟಳು.

"ಏಯ್, ಏನ ಮಾಡಾಕತ್ತಿ? ಸಣ್ಣ ಹುಡುಗಿ ಮಾತು ಕೇಳಿ..." ಎಂದ ಶಂಕ್ರಪ್ಪ.

"ನೀವು ಸುಮ್ಮನಿರ್ರಿ." ಅವಳು ಈಗ ನಗುತ್ತಿರಲಿಲ್ಲ. ನನ್ನ ಕಡೆ ತಿರುಗಿ, "ನೀ ಮನಿಗೆ ಹೋಗವಾ. ನಿಮ್ಮವ್ವ ಹಾದಿ ನೋಡತಿರತಾಳ," ಎಂದಳು.

ಕೆಲವು ದಿನಕ್ಕೆ ರಘುವಿನ ಜ್ವರ ಬಿಟ್ಟಿತು. ಎಣ್ಣೆ ಫಲಿಸಿತೆಂದು ಅಜ್ಜಿ ಓಣಿಗೆಲ್ಲ ಹೇಳಿದಳು. ಗುಳಿಗೆಯಿಂದ ಎಂದು ಅಪ್ಪ ಹೇಳಿದರು, ಆದರೆ ಮೊದಲಿನ ದನಿಯಲ್ಲಿ ಅಲ್ಲ. ಅನ್ನದ ತಿಳಿಗೆ ತುಪ್ಪ ಬಿಟ್ಟು ಕುಡಿಸುವಾಗ ಅವ್ವ ಹಾಡು ಗುನುಗಿದಳು. ನನಗೆ ಆ ಹಾಡು ಕೇಳಲಾಗುತ್ತಿರಲಿಲ್ಲ. ಇಲ್ಲಿಂದ ಬಿಟ್ಟದ್ದು ಎಲ್ಲಿಗಾದರೂ ಹೋಗಿರಲೇಬೇಕಲ್ಲ?

ಸಾಲೆಯಲ್ಲಿ ಗೌರಿಯ ಕಣ್ಣು ಕೆಂಪಾಗಿದೆಯೇ ಎಂದು ನೋಡುತ್ತಿದ್ದೆ. ಒಮ್ಮೆ ಆಟದ ನೆವದಲ್ಲಿ ಹಣೆ ಮುಟ್ಟಿದಾಗ ಅವಳು ನನ್ನ ಕೈಗೆ ಹೊಡೆದಳು. "ನಾ ಏನ ದವಾಖಾನಿಗೆ ಬಂದೀನೇನ?"

ಒಂದು ದಿನ ಅವಳು ಸಾಲೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವಳ ಮನೆಯ ಮುಂದೆ ಹಾಯಲು ಧೈರ್ಯವಿಲ್ಲದೆ ಸುತ್ತುಹಾದಿಯಲ್ಲಿ ಮನೆಗೆ ಬಂದೆ. ಎಲ್ಲಿಂದಲಾದರೂ ಅಳು ಕೇಳೀತೆಂದು ಕಿವಿ ಮುಚ್ಚಿಕೊಂಡೇ ನಡೆದೆ. ಮನೆಯಲ್ಲಿ ಹೇಳೋಣವೆಂದರೆ ಎಲ್ಲರೂ ಸಂತೋಷವಾಗಿದ್ದರು. ಊಟ ಒಲ್ಲೆನೆಂದು ಮಲಗಿದೆ, ನಿದ್ದೆ ಬರಲಿಲ್ಲ.

ಆಮೇಲೆ ಅವಳು ಬಂದಳು, ಹೊಸ ರಿಬ್ಬನ್ ಕಟ್ಟಿಕೊಂಡು. ಕೆರೂರಿನ ಸೋದರಮಾವನ ಮನೆಗೆ ಹೋಗಿದ್ದಳಂತೆ, ಸಂತೆ ಮಾಡಿ ಬಂದಳಂತೆ. ನಾನು ಓಡಿಹೋಗಿ ಪಕ್ಕದಲ್ಲಿ ಕೂತೆ. ಅವಳು ಸರಿದು ಕೂತಳು.

"ಅವ್ವ ನಿನ್ನ ಕೂಡ ಆಡಬ್ಯಾಡ ಅಂದಾಳ."

"ಯಾಕ?"

"ನೀ ಹಂಗ ಅಂದಾಗಿಂದ ಅಕಿಗೆ ನಿದ್ದಿ ಇಲ್ಲ. ಎದ್ದೆದ್ದು ನನ್ನ ಹಣಿ ಮುಟ್ಟಿ ನೋಡ್ತಾಳ. ಅಪ್ಪ ಎಣ್ಣಿ ತಂದ್ರ ಒಳಗ ತರಗೊಡಂಗಿಲ್ಲ, ದಿನಾ ಜಗಳಾ."

ನಾನೇನು ಉತ್ತರ ಕೊಟ್ಟೆನೋ ನೆನಪಿಲ್ಲ. ಧಾರವಾಡದಲ್ಲಿ ಓದುವಾಗ ಇದನ್ನು ಮೊದಲ ಸಲ ಬರೆದಾಗ, ನಾನು ಅತ್ತುಬಿಟ್ಟೆ ಎಂದು ಬರೆದುಕೊಂಡಿದ್ದೆ. ಈಗ ಅನುಮಾನ. ಅವಳಿಗೆ ಜ್ವರವಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದ್ದರೂ ಹಿಗ್ಗಿದ್ದೇನು. ಮುಂದೆ ಶಂಕ್ರಪ್ಪ ಆ ಪಾತ್ರೆ ಬಿಟ್ಟು ಮೂಟೆ ಹೊರುವ ಹಮಾಲಿ ಕೆಲಸಕ್ಕೆ ಸೇರಿದನೆಂದು ಕೇಳಿದೆ. ಅದಕ್ಕೆ ನನ್ನ ಮಾತೇ ಕಾರಣವೋ, ಬೇರೇನೋ, ತಿಳಿಯದು. ಅವರು ಓಣಿ ಬಿಟ್ಟುಹೋದರು. ರಘುವನ್ನು ಕೇಳಿದರೆ ಅವನಿಗೆ ಪರಾತವೂ ನೆನಪಿಲ್ಲ, ಜ್ವರವೂ ನೆನಪಿಲ್ಲ.

ಹಳೆಯ ಊರಿನ ಆ ಭಾಗದ ಮೇಲೆ ಈಗ ಅಣೆಕಟ್ಟಿನ ಹಿನ್ನೀರು ನಿಂತಿದೆ. ನಾನು ಮೇಲಿನ ವಿದ್ಯಾಗಿರಿ ಬಡಾವಣೆಯಲ್ಲಿದ್ದೇನೆ. ಸಿಲಿಂಡರ್ ಹೊತ್ತು ತರುವವನಿಗೆ ಮೇಲೆ ಒಂದಿಷ್ಟು ಕೊಡುತ್ತೇನೆ. ಯಾವುದೋ ಊರಿನ ಅನಾಥಾಲಯಕ್ಕೆ ಮೊಮ್ಮಗಳು ಮೊಬೈಲಿನಲ್ಲೇ ನನ್ನ ಹೆಸರಿನಲ್ಲಿ ಹಣ ಕಳಿಸುತ್ತಾಳೆ. ಅದು ಯಾರ ಒಲೆಯ ಮೇಲೆ ಬೇಯುತ್ತದೆ, ಯಾವ ಕೂಸಿನ ಬಾಯಿಗೆ ಹೋಗುತ್ತದೆ ಎಂದು ನಾನು ಕೇಳಿದವಳಲ್ಲ. ಆಗ ನಮ್ಮ ಮನೆಯಿಂದ ಕೊಟ್ಟದ್ದನ್ನು ತಿನ್ನುವ ಹುಡುಗಿಯ ಹೆಸರು ನನಗೆ ಗೊತ್ತಿತ್ತು. ಅವಳಿಗೇನಾದೀತೋ ಎಂದು ಊಟ ಬಿಟ್ಟಿದ್ದೆ. ಈಗ ಕೊಡುತ್ತೇನೆ, ಉಣ್ಣುತ್ತೇನೆ, ಮಲಗಿದರೆ ನಿದ್ದೆ ಬರುತ್ತದೆ.