ಎಡಗಡೆ ಕೊಳವೆಯ ಸದ್ದು

ನನ್ನ ಸೈಕಲ್ಲಿನ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ತೂಕದ್ದು. ಅಕ್ಟೋಬರಿನ ಎರಡನೇ ಶನಿವಾರ, ಬೆಳಿಗ್ಗೆ ಎಂಟೂವರೆ. ಫ್ರೇಮ್, ಶಾಕ್ ಬಿಟ್ಟು: ಎರಡು ಕೆಜಿ ಆರುನೂರ ನಲವತ್ತು ಗ್ರಾಂ. ಅಡುಗೆಮನೆಯ ತಕ್ಕಡಿಯ ಮೇಲೆ ಅದು ನಿಲ್ಲಲಿಲ್ಲ. ಕೆಳಗಿನ ಮನೆಯವರ ಕೊಕ್ಕೆ ತಕ್ಕಡಿ ಕೇಳಿ ತಂದು, ಮೂರು ಸಲ ನೇತುಹಾಕಿ ತೂಗಿ, ಸರಾಸರಿ ಬರೆದೆ.

ನಾನು ಶಿವಮೊಗ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕೋಟೆಯ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಒಂದು ಮಹಡಿ ಮನೆ, ಅದರ ಮೇಲೆ ತಾರಸಿ. ಅಪ್ಪ, ಅಮ್ಮ ಇರುವುದು ಭದ್ರಾವತಿಯ ನ್ಯೂಟೌನಿನಲ್ಲಿ. ಫ್ರೇಮನ್ನು ಹಳೆಯ ಸವಾರರೊಬ್ಬರಿಂದ ಕೊಂಡಿದ್ದೆ. ನೀಲಿ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು, ಒಳಗೆ ಗಟ್ಟಿಯಾಗಿತ್ತು. ಅದು ಕಬ್ಬಿಣವಲ್ಲ, ಕಾರ್ಬನ್. ಕಪ್ಪು ನೂಲಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಕೂರಿಸಿ ಕಲ್ಲಿನಂತೆ ಗಟ್ಟಿ ಮಾಡಿದ ಕೊಳವೆಗಳು. ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು, ಕುಲುಕನ್ನು ನುಂಗುವ ಗಾಳಿ ತುಂಬಿದ ಶಾಕ್. ಬೇರು, ಬಂಡೆ, ಇಳಿಜಾರು ಯಾವುದಕ್ಕೂ ಹೆದರದ ಸೈಕಲ್ಲು. ಅದನ್ನು ಬಿಚ್ಚಿ, ಬಣ್ಣ ಬಳಿದು, ನಾನೇ ಜೋಡಿಸಬೇಕು ಎಂಬುದು ನನ್ನ ಆಸೆ.

ಇದಕ್ಕೆ ಅಮ್ಮನ ಒಂದು ಷರತ್ತಿತ್ತು. ಎರಡು ವರ್ಷದ ಹಿಂದೆ ಸಕ್ರೆಬೈಲಿನ ಕಡೆಯ ಮಣ್ಣುದಾರಿಯಲ್ಲಿ ನನ್ನ ಹಳೇ ಸೈಕಲ್ಲಿನ ಫ್ರೇಮು ಬೆಸುಗೆಯ ಹತ್ತಿರ ಮುರಿದು, ನಾನು ಹೆಗಲಿನ ಮೂಳೆ ಮುರಿದುಕೊಂಡಿದ್ದೆ. ನಲವತ್ತನಾಲ್ಕು ದಿನ ಕೈ ಕುತ್ತಿಗೆಗೆ ಕಟ್ಟಿಕೊಂಡು ಭದ್ರಾವತಿಯಲ್ಲಿದ್ದೆ. ಅಷ್ಟೂ ದಿನ ನನ್ನ ಜಡೆ ಹೆಣೆದವಳು ಅಮ್ಮ. ಹಾಗಾಗಿ ಹೊಸ ಸೈಕಲ್ಲಿನ ಮಾತೆತ್ತಿದಾಗ ಅವಳು ಬೇಡ ಅನ್ನಲಿಲ್ಲ. ಅಪ್ಪ ನೋಡಿ ಸರಿ ಇದೆ ಅಂದರೆ ಮಾತ್ರ ಹತ್ತಬೇಕು, ಇಲ್ಲವಾದರೆ ಅದನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿಕೋ ಅಂದಳು. ನಾನು ಒಪ್ಪಿದೆ.

ಅಪ್ಪ ಮೂವತ್ತೊಂದು ವರ್ಷ ಊರಾಚೆಯ ಸಣ್ಣ ಫೌಂಡ್ರಿಯೊಂದರಲ್ಲಿ ಕಬ್ಬಿಣದ ಎರಕಗಳನ್ನು ತಪಾಸಣೆ ಮಾಡುತ್ತಿದ್ದವರು. ಕೈಯಲ್ಲೊಂದು ಚಿಕ್ಕ ಸುತ್ತಿಗೆ. ಎರಕವನ್ನು ಮೆಲ್ಲಗೆ ತಟ್ಟಿ ಕಿವಿಗೊಡುವುದು, ಗಂಟೆಯ ಹಾಗೆ ಮೊಳಗಿದರೆ ಸರಿ, ಮಂಕಾಗಿ ಕೇಳಿದರೆ ಒಳಗೆಲ್ಲೋ ಬಿರುಕಿದೆ ಎಂದು ಪಕ್ಕಕ್ಕೆ ತೆಗೆಯುವುದು. ನಿವೃತ್ತಿಯಾಗಿ ಐದು ವರ್ಷವಾದರೂ ಮಾರ್ಕೆಟ್ಟಿನಲ್ಲಿ ಮಡಕೆ, ತೆಂಗಿನಕಾಯಿ, ಕಲ್ಲಂಗಡಿ ಯಾವುದನ್ನೂ ತಟ್ಟದೆ ಕೊಂಡವರಲ್ಲ.

ಹಳೇ ಬಣ್ಣ ತೆಗೆಯಲು ಹನ್ನೊಂದು ದಿನ ಹಿಡಿಯಿತು. ಲ್ಯಾಬಿನಿಂದ ಬಂದ ಮೇಲೆ ದಿನಕ್ಕೆ ಒಂದು ಗಂಟೆ, ಮೂಗಿಗೆ ಮಾಸ್ಕು, ಪಕ್ಕದಲ್ಲಿ ಬಕೆಟ್ಟು ನೀರು. ನೀರಿನಲ್ಲಿ ಅದ್ದಿದ ಎಮರಿ ಕಾಗದದಿಂದ ಉಜ್ಜುವುದು. ನೀರು ಮೊದಲು ನೀಲಿಯಾಗುತ್ತದೆ, ಆಮೇಲೆ ಬೂದಿ ಬಣ್ಣ. ಕಪ್ಪಾಯಿತೆಂದರೆ ನೂಲು ಸಿಕ್ಕಿತು ಎಂದರ್ಥ, ಅಲ್ಲಿಗೆ ಕೈ ನಿಲ್ಲಿಸಬೇಕು. ಇದನ್ನು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡಿದ್ದೆ.

ಹತ್ತನೇ ದಿನ, ಪೆಡಲಿನ ಅಚ್ಚಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಎಡಗಡೆಯ ಕೊಳವೆಯಲ್ಲಿ ಸಾಸಿವೆಯಷ್ಟು ದೊಡ್ಡ ಕಪ್ಪು ಚುಕ್ಕೆಯೊಂದು ಕಂಡಿತು. ನನ್ನ ಕೈ ಅದನ್ನು ತುಕ್ಕು ಎಂದುಕೊಂಡಿತು. ತಲೆಗೆ ಗೊತ್ತು, ಅದು ನೂಲು, ಕಾರ್ಬನ್ನಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ನಮ್ಮ ಮನೆಯ ಗೇಟು, ಕಿಟಕಿ ಸರಳು, ಬಾವಿಯ ರಾಟೆ ಎಲ್ಲದಕ್ಕೂ ಎರಡು ವರ್ಷಕ್ಕೊಮ್ಮೆ ಬಣ್ಣ ಬಳಿಯುವಾಗ ಅಪ್ಪ ಹೇಳಿಕೊಟ್ಟಿದ್ದು ಒಂದೇ: ತುಕ್ಕಿನ ಚುಕ್ಕೆ ಕಂಡರೆ ಬಿಡಬೇಡ, ಬಿಳಿ ಲೋಹ ಕಾಣುವವರೆಗೆ ಬೆನ್ನುಹತ್ತು. ನಾನು ಬೆನ್ನುಹತ್ತಿದೆ. ನೀರು ಕಪ್ಪಾಯಿತು. ಇನ್ನೂ ಉಜ್ಜಿದೆ. ಬಿಳಿ ಎಲ್ಲಿಂದ ಬರಬೇಕು? ಎಚ್ಚರವಾಗುವಷ್ಟರಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲದ ಗುಂಡಿ ಬಿದ್ದಿತ್ತು. ಅದರ ಅಂಚಿನಲ್ಲಿ ಎರಡು ಪದರ ನೂಲು ಕತ್ತರಿಸಿಹೋಗಿದ್ದು ಕಾಣುತ್ತಿತ್ತು.

ಕೈತೊಳೆದು ಎಮರಿ ಕಾಗದ ಎತ್ತಿಟ್ಟೆ. ಮಾರನೇ ದಿನ ಲಾರಿ ಬಾಡಿಯ ತಗ್ಗುಗಳಿಗೆ ಮೆತ್ತುವ ಪುಟ್ಟಿಯ ಸಣ್ಣ ಡಬ್ಬಿ ತಂದು ಗುಂಡಿ ತುಂಬಿ, ಒಣಗಿಸಿ, ನಯಮಾಡಿದೆ. ನೋಟ್‌ಬುಕ್ಕಿನಲ್ಲಿ ಬರೆದದ್ದು ಇಷ್ಟು: ಎಡ ಕೊಳವೆ, ಪುಟ್ಟಿ, ಎರಡು ಸಲ. ಯಾಕೆ ಎಂದು ಬರೆಯಲಿಲ್ಲ. ಆ ಪುಸ್ತಕದಲ್ಲಿ ಕಾರಣವಿಲ್ಲದ ಸಾಲು ಅದೊಂದೇ.

ಬಣ್ಣದ ಕೆಲಸ ಮಾತ್ರ ಖುಷಿಯದ್ದು. ಯಾವ ಬಣ್ಣ ಎಂದು ಅಂಗಡಿಯವರು ಕೇಳಿದಾಗ ಬ್ಯಾಗಿನಿಂದ ಒಂದು ಹಣ್ಣಡಿಕೆ ತೆಗೆದು ಗಾಜಿನ ಮೇಲಿಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಇವತ್ತಿನ ಬಣ್ಣ ಬೇಕೋ, ನಾಲ್ಕು ದಿನ ಬಿಟ್ಟ ಮೇಲಿನದೋ ಎಂದರು. ಮೂರು ಸಲ ಕಲಸಿ, ಮೂರನೆಯದು ಸರಿಹೋಯಿತು. ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿಗೆ ಸೊಳ್ಳೆ ಪರದೆ ಇಳಿಬಿಟ್ಟು, ಅದರೊಳಗೆ ಫ್ರೇಮನ್ನು ಹಗ್ಗದಲ್ಲಿ ತೂಗುಹಾಕಿ ಸ್ಪ್ರೇ ಮಾಡಿದೆ. ಪ್ರೈಮರ್ ಎರಡು ಕೋಟು, ಬಣ್ಣ ಮೂರು, ಮೇಲಿನ ಹೊಳಪಿನ ಲ್ಯಾಕರ್ ಎರಡು. ಪರದೆ ಇದ್ದರೂ ಹೊಳಪಿನ ಮೇಲೆ ನಾಲ್ಕು ಹುಳ ಕೂತವು. ಮೂರನ್ನು ಚಿಮಟಿಗೆಯಲ್ಲಿ ತೆಗೆದೆ. ನಾಲ್ಕನೆಯದು ಸೀಟಿನ ಕೆಳಗೆ ಇವತ್ತಿಗೂ ಇದೆ. ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು, ಪರದೆಯೊಳಗೆ ಕಿತ್ತಳೆ ಕೆಂಪಿನಲ್ಲಿ ತೂಗುತ್ತಿದ್ದುದನ್ನು ನೋಡಿ, ಯಾರಿಗೆ ತೊಟ್ಟಿಲು ಎಂದು ಕೇಳಿ ನಕ್ಕು ಹೋದರು.

ಹತ್ತು ದಿನ ಒಣಗಲು ಬಿಟ್ಟೆ. ಬೇರಿಂಗುಗಳನ್ನು ಕೂರಿಸಲು, ಕಚ್ಚಿ ಹಿಡಿಯುವ ಅಪ್ಪನ ಬೈಸು, ಉಳಿದ ಸಾಮಾನು ಬೇಕಾಗಿತ್ತು. ಭಾನುವಾರ ಫ್ರೇಮನ್ನು ಹಳೇ ಹೊದಿಕೆಯಲ್ಲಿ ಸುತ್ತಿ ಭದ್ರಾವತಿ ಬಸ್ಸು ಹತ್ತಿದೆ. ಪಕ್ಕದ ಸೀಟಿನವರು ಇದು ವೀಣೆಯೇ ಎಂದು ಕೇಳಿದರು. ಸೈಕಲ್ಲು ಎಂದಾಗ, ಒಂದು ಕೈಯಲ್ಲಿ ಎತ್ತಿ ನೋಡಿ, ಉಳಿದದ್ದು ಎಲ್ಲಿ ಅಂದರು.

ಅಪ್ಪ ಅದನ್ನು ಜಗುಲಿಯ ಬೆಂಚಿನ ಮೇಲೆ ಮಲಗಿಸಿಕೊಂಡರು. ಬಣ್ಣವನ್ನು ಹೊಗಳಿದರು. ಕಾರ್ಬನ್ನಿನ ಬಗ್ಗೆ ಅವರಿಗೆ ಅಷ್ಟೇನೂ ಗೌರವವಿರಲಿಲ್ಲ, ಪ್ಲಾಸ್ಟಿಕ್ ಬಕೆಟ್ಟಿನ ಜಾತಿಯದು ಎನ್ನುತ್ತಿದ್ದರು. ಸುತ್ತಿಗೆ ಬೇಡ ಎಂದೆ. ಅವರು ಜೇಬಿನಿಂದ ಹತ್ತು ರೂಪಾಯಿಯ ನಾಣ್ಯ ತೆಗೆದು, ಮುಂದಿನಿಂದ ಶುರುಮಾಡಿ ಬೆರಳಗಲಕ್ಕೊಂದರಂತೆ ತಟ್ಟುತ್ತ ಬಂದರು. ಟಿಕ್, ಟಿಕ್, ಟಿಕ್. ಬಕೆಟ್ಟಿನ ಜಾತಿಯಾದರೂ ದನಿ ಚೆನ್ನಾಗಿದೆ ಎಂದು ಒಪ್ಪಿಕೊಂಡರು. ಎಡಗಡೆಯ ಕೊಳವೆಗೆ ಬಂದಾಗ ನಾಣ್ಯ ನಿಂತಿತು. ಹಿಂದೆ ಹೋಗಿ ಮತ್ತೆ ಬಂತು.

"ಈ ಜಾಗ ಸತ್ತಿದೆ ಕಣಮ್ಮ," ಅಂದರು. "ಏನಾಗಿತ್ತು ಇಲ್ಲಿ?"

"ಏನೂ ಇಲ್ಲಪ್ಪ. ಬಣ್ಣ ದಪ್ಪ ಆಗಿರ್ಬೇಕು."

ಅವರು ನನ್ನ ಮುಖ ನೋಡಲಿಲ್ಲ. ನಾಣ್ಯವನ್ನು ಜೇಬಿಗೆ ಹಾಕಿಕೊಂಡು, ಬೇರಿಂಗು ಆಮೇಲೆ ಕೂರಿಸೋಣ, ಊಟ ಮಾಡೋಣ ಬಾ ಎಂದು ಒಳಗೆ ಹೋದರು. ಅಮ್ಮ ಅಂದು ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ನಾನು ಯಾವಾಗಲೂ ನಾಲ್ಕು ರೊಟ್ಟಿ ತಿನ್ನುವವಳು, ಎರಡಕ್ಕೆ ಎದ್ದೆ. ಸಪ್ಪಗಿದ್ದೀಯಲ್ಲ ಎಂದು ಅಮ್ಮ ಕೇಳಿದಳು. ಸೈಕಲ್ಲು ಸರಿ ಇದೆ ತಾನೆ ಎಂದು ಅಪ್ಪನನ್ನು ಕೇಳಿದಳು. ಅಪ್ಪ, ಇನ್ನೂ ನೋಡ್ತಾ ಇದ್ದೀನಿ ಅಂದರಷ್ಟೆ. ಅವರು ಹೂಂ ಅಂದಿದ್ದರೆ ಅಮ್ಮ ನಂಬುತ್ತಿದ್ದಳು. ನಾನು ಅದನ್ನೇರಿ ಇಳಿಜಾರಿಗೆ ಹೋಗುತ್ತಿದ್ದೆ, ಆ ಪುಟ್ಟಿಯ ಮೇಲೆ ಭಾರ ಹಾಕಿಕೊಂಡು. ಊಟದ ಕೈಗೆ ನೀರು ಸುರಿದುಕೊಳ್ಳುವಾಗ ಹೆಗಲಿನ ಮುರಿದಿದ್ದ ಮೂಳೆ ನೆನಪಾಯಿತು.

ಅಪ್ಪ ಎಲೆಅಡಿಕೆ ಹಾಕಿಕೊಂಡು ಬೆಂಚಿನ ಹತ್ತಿರ ಕೂತಾಗ ಹೋಗಿ ಎಲ್ಲ ಹೇಳಿದೆ. ಚುಕ್ಕೆ, ತುಕ್ಕು ಅಂದುಕೊಂಡದ್ದು, ಗುಂಡಿ, ಪುಟ್ಟಿ. ತುಕ್ಕಿನ ಮಾತು ಬಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಬಟ್ಟೆಯಲ್ಲಿ ತುಕ್ಕು ಹುಡುಕಿದೆಯಾ ಎಂದು ಬಾಯಲ್ಲಿ ಎಲೆ ಇಟ್ಟುಕೊಂಡೇ ನಕ್ಕರು. ಆಮೇಲೆ ಎದ್ದು ಉಗಿದು ಬಂದು ಹೇಳಿದರು:

"ತೂತಿರೋ ಎರಕ ಎಷ್ಟು ನೋಡಿದ್ದೀನೋ. ಅದ್ಕೇನು, ಕರಗಿಸಿ ಮತ್ತೆ ಹೊಯ್ದ್ರಾಯ್ತು. ಮೇಲೆ ಮೆತ್ತಿಬಿಟ್ರೆ, ಕರಗಿಸ್ಬೇಕು ಅಂತ ಯಾರಿಗಮ್ಮ ಗೊತ್ತಾಗುತ್ತೆ?"

ಬಯ್ದದ್ದು ಅಷ್ಟೇ. ಅಲ್ಲೇ ಕೂತು ಕಾರಣವನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಜಾಗ ಸಾಲದೆ ಅಂಚಿನಲ್ಲಿ ಮೇಲಕ್ಕೆ ತಿರುಗಿಸಿ ಬರೆಯಬೇಕಾಯಿತು.

ಮುಂದಿನ ಎರಡು ಭಾನುವಾರ ಅಪ್ಪನ ಜಗುಲಿಯಲ್ಲೇ ಕಳೆದವು. ತರಿಸಿದ್ದು ಅಂಗೈ ಅಗಲದ ಎರಡು ತುಂಡು ಕಾರ್ಬನ್ ಬಟ್ಟೆ ಮತ್ತು ಎಪಾಕ್ಸಿ ಅಂಟು. ಮೊದಲು ಆ ಕೊಳವೆಯ ಹಣ್ಣಡಿಕೆ ಬಣ್ಣವನ್ನೆಲ್ಲ ಉಜ್ಜಿ ತೆಗೆಯಬೇಕಾಯಿತು. ಮೂರು ವಾರದ ಕೆಲಸ ನಲವತ್ತು ನಿಮಿಷದಲ್ಲಿ ಬಕೆಟ್ಟಿಗೆ ಹೋಯಿತು. ಪುಟ್ಟಿ ಕೆರೆದು, ಗುಂಡಿಯ ಅಂಚನ್ನು ಸುತ್ತಲೂ ಇಳಿಜಾರಾಗಿ ನಯಮಾಡಿ, ಆ ಬಟ್ಟೆಯಿಂದ ಒಂದಕ್ಕಿಂತ ಒಂದು ದೊಡ್ಡದಾದ ಐದು ತುಂಡು ಕತ್ತರಿಸಿ ಕೂರಿಸಿದೆವು. ಅಂಟು ಕಲಸಿದವಳು ನಾನು, ಮಿಲಿಲೀಟರು ಅಳೆದು. ಅಪ್ಪ ಮೇಲಿನಿಂದ ಕರೆಂಟಿನ ಟೇಪನ್ನು ಬಿಗಿಯಾಗಿ ಸುತ್ತಿದರು. ಟೇಪಿಗೆ ಸೂಜಿಯಲ್ಲಿ ತೂತು ಚುಚ್ಚಿದಾಗ ಹೆಚ್ಚಿನ ಅಂಟು ಬೆವರಿನಂತೆ ಹೊರಬಂತು. ಅವರಿಗೆ ಅದು ಬಹಳ ಹಿಡಿಸಿತು. ಬಕೆಟ್ಟಿನ ಜಾತಿ ಅನ್ನುವುದನ್ನು ಅಂದಿನಿಂದ ಬಿಟ್ಟರು.

ಅಂಟು ಪೂರ್ತಿ ಗಟ್ಟಿಯಾಗಲು ವಾರ ಬಿಟ್ಟೆವು. ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಅಪ್ಪ ಫ್ರೇಮನ್ನು ಬೆಂಚಿಗೆ ಹಾಕಿ ಕಾಯುತ್ತಿದ್ದರು. ಅಮ್ಮನೂ ಸೊಪ್ಪು ಬಿಡಿಸುವ ನೆಪದಲ್ಲಿ ಬಾಗಿಲಲ್ಲಿ ಬಂದು ಕೂತಳು. ಅಪ್ಪ ನಾಣ್ಯವನ್ನು ನನ್ನ ಕೈಗೆ ಕೊಟ್ಟರು.

"ನೀನೇ ಕೇಳು. ನಂಗೆ ಕಬ್ಬಿಣದ ಭಾಷೆ ಗೊತ್ತು. ಇದರ ಜೊತೆ ಎರಡು ತಿಂಗಳು ಮಾತಾಡಿದವಳು ನೀನು."

ತಟ್ಟಿದೆ. ದನಿ ಸರಿ ಇದ್ದ ಒಂದೊಂದು ಕಡೆಗೂ ಪುಸ್ತಕದಲ್ಲಿ ಒಂದು ಗೆರೆ. ತೇಪೆಯ ಮೇಲೆ, ಅದರ ಅಂಚಿನಲ್ಲಿ, ಆಚೀಚೆ, ಒಟ್ಟು ನಲವತ್ತು ಕಡೆ. ಮೂವತ್ತೊಂಬತ್ತು ಸರಿ ಇದ್ದವು. ಚಕ್ರದ ಕಡೆಯ ತುದಿಯಲ್ಲಿ ಒಂದು ಕಡೆ ಮಾತ್ರ ದನಿ ಕೊಂಚ ಇಳಿದಂತಿತ್ತು. ಮತ್ತೆ ತಟ್ಟಿದೆ. ಅಮ್ಮನ ಕೈ ಸೊಪ್ಪಿನ ಮೇಲೆ ನಿಂತಿತ್ತು. ನಲವತ್ತೂ ಸರಿ ಎನ್ನುವುದು ಸುಲಭವಿತ್ತು.

"ಒಂದು ಕಡೆ ಗೊತ್ತಾಗ್ತಿಲ್ಲಪ್ಪ," ಅಂದೆ.

ಅಪ್ಪ ಬಗ್ಗಿ ಕೇಳಿದರು. ಆಮೇಲೆ ಫ್ರೇಮನ್ನು ಮಗುಚಿ ಬಲಗಡೆಯ ಕೊಳವೆಯಲ್ಲಿ ಅದೇ ಜಾಗ ತೋರಿಸಿ, ಅಲ್ಲಿ ತಟ್ಟು ಎಂದರು. ಅಲ್ಲೂ ಅದೇ ಇಳಿದ ದನಿ. ಆಗ ನನಗೆ ಹೊಳೆಯಿತು, ಚಕ್ರದ ಅಚ್ಚು ಕೂರಿಸಲು ಎರಡೂ ಕಡೆ ಒಳಗೆ ಅಲ್ಯುಮಿನಿಯಂ ತುಂಡು ಇಟ್ಟಿರುತ್ತಾರೆ, ಅದರ ಸದ್ದು ಅದು. ಜೋಡಿ ಇರುವುದನ್ನು ಜೋಡಿಯ ಜೊತೆ ಹೋಲಿಸಿ ನೋಡಬೇಕು ಎಂದು ಅಪ್ಪ ಹೇಳಿಕೊಟ್ಟರು. ಮೂವತ್ತೊಂದು ವರ್ಷದಲ್ಲಿ ಕಲಿತದ್ದನ್ನು ನನಗೆ ಹೇಳಿಕೊಟ್ಟದ್ದು ಅದೇ ಮೊದಲು. ನಲವತ್ತನೇ ಗೆರೆ ಎಳೆದೆ.

"ಆಯ್ತಾ?" ಎಂದು ಅಮ್ಮ ಕೇಳಿದಳು. ಅಪ್ಪ ಹೂಂ ಅಂದರು. ಅವಳು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ತೇಪೆಯ ಜಾಗಕ್ಕೆ ನಾನು ಬಣ್ಣ ಬಳಿಯಲಿಲ್ಲ. ಬರಿಯ ಲ್ಯಾಕರ್ ಹೊಡೆದೆ. ಹಣ್ಣಡಿಕೆ ಬಣ್ಣದ ನಡುವೆ ಕಪ್ಪು ನೇಯ್ಗೆ ಕಾಣುತ್ತದೆ, ಕೂದಲೆಳೆಯ ಬಿರುಕು ಬಂದರೂ ಕಣ್ಣಿಗೆ ಬೀಳಬೇಕು ಎಂದು. ಜೋಡಣೆಗೆ ಇನ್ನೂ ಎರಡು ಭಾನುವಾರ ಹಿಡಿದವು. ಬೋಲ್ಟುಗಳನ್ನು ನಾನು, ಎಷ್ಟು ಬಿಗಿಯಬೇಕೋ ಅಷ್ಟನ್ನೇ ತೋರಿಸುವ ಅಳತೆಯ ಸ್ಪ್ಯಾನರಿನಲ್ಲಿ ಬಿಗಿಯುತ್ತಿದ್ದರೆ, ಪ್ರತಿಯೊಂದಕ್ಕೂ ಇನ್ನೊಂದು ಸುತ್ತು ಹಾಕು ಎಂದು ಅಪ್ಪ ಒತ್ತಾಯ ಮಾಡಿದರು. ಹನ್ನೆರಡು ಸಲ ಹೇಳಿದರು, ಹನ್ನೆರಡು ಸಲವೂ ಬೇಡ ಅಂದೆ.

ಡಿಸೆಂಬರಿನ ಮೂರನೇ ಭಾನುವಾರ, ಸಂಜೆ ಐದೂಮುಕ್ಕಾಲು, ಸೈಕಲ್ಲು ಗೇಟಿನ ಹೊರಗೆ ನಿಂತಿತು. ತೂಕ ಹದಿಮೂರು ಕೆಜಿ ಒಂಬೈನೂರು ಗ್ರಾಂ. ನಾನು ಹೆಲ್ಮೆಟ್ಟು ಹಾಕಿಕೊಳ್ಳುವಷ್ಟರಲ್ಲಿ ಅಪ್ಪ ಪಂಚೆ ಬದಲಿಸಿ ಪ್ಯಾಂಟು ಹಾಕಿಕೊಂಡು ಬಂದು, ಹೆಲ್ಮೆಟ್ಟಿಗೆ ಕೈಚಾಚಿದರು.

"ಪಾಸ್ ಮಾಡಿದವನೇ ಮೊದಲು ಹತ್ತಬೇಕು. ಅದು ನಿಯಮ."

ಅಂಥ ನಿಯಮವನ್ನು ನಾನೆಂದೂ ಕೇಳಿರಲಿಲ್ಲ. ಅವರು ಎಂಬತ್ತೆರಡು ಕೆಜಿ, ನಾನು ಐವತ್ತನಾಲ್ಕು. ಸೀಟು ತಗ್ಗಿಸಿಕೊಟ್ಟೆ. ಅಮ್ಮ ಕಾಂಪೌಂಡಿನ ಒಳಗಿನಿಂದಲೇ, "ಏನ್ರೀ, ಬಿದ್ರೆ ಎತ್ತೋಕೆ ನನ್ ಕೈಲಾಗಲ್ಲ, ಮಗಳು ಎತ್ಲಿ," ಅಂದಳು. ಅಪ್ಪ ಕೂತೊಡನೆ ಹಿಂದಿನ ಶಾಕ್ ಕುಸಿಯಿತು, ನಿಂತಿತು. ಎರಡು ಸಲ ಓಲಾಡಿ ಹೊರಟರು. ಬೀದಿಯ ತುದಿಯ ರಸ್ತೆ ಉಬ್ಬನ್ನು ಬಳಸಿ ಹೋಗಬಹುದಿತ್ತು, ಬೇಕೆಂದೇ ಅದರ ಮೇಲೆ ಹತ್ತಿಸಿದರು. ತಿರುಗಿ ಬರುವಾಗ ಮತ್ತೆ ಹತ್ತಿಸಿದರು, ಈ ಸಲ ಸೀಟಿನಲ್ಲಿ ಭಾರ ಬಿಟ್ಟು ಗಟ್ಟಿಯಾಗಿ ಕೂತು. ನಾನು ಗೇಟು ಹಿಡಿದು ಕೇಳುತ್ತಿದ್ದೆ. ಟೈರಿನ ಸದ್ದು, ಚೈನಿನ ಸದ್ದು, ಶಾಕಿನಿಂದ ಗಾಳಿಯ ಸಣ್ಣ ನಿಟ್ಟುಸಿರು. ಬೇರೇನಿಲ್ಲ.

ಏಳು ಸುತ್ತು ಹೊಡೆದರು. ನನ್ನ ಸರದಿ ಬರುವಷ್ಟರಲ್ಲಿ ಬೀದಿದೀಪ ಹತ್ತಿತ್ತು.