ಶನಿವಾರ ಕೊನೇ ಬೆಂಚಿನ ಸರದಿ

ಸ್ನೇಹಿತರೇ, ಇವತ್ತು ಚಾಮರಾಜಪೇಟೆಯ ನಮ್ಮ ಹಳೇ ಮಿಷನ್ ಶಾಲೆಯಲ್ಲಿ ಹಳೇ ವಿದ್ಯಾರ್ಥಿಗಳು ಸೇರಿದ್ದೆವು. "ದಿನಕ್ಕೊಂದು ಬೆಂಚಿನವರು ತರಗತಿ ಗುಡಿಸಬೇಕು ಅಂತ ನಿಯಮ ಮಾಡಿ, ಜಾತಿ ನೋಡದೆ ಎಲ್ಲರ ಕೈಗೂ ಪೊರಕೆ ಕೊಟ್ಟ ಶಾಲೆ ಇದು" ಎಂದು ಭಾಷಣ ಬಿಗಿದೆ. ಜೋರು ಚಪ್ಪಾಳೆ ಬಿತ್ತು. ಆಮೇಲೆ ವಡೆ ತಿಂದು, ತಟ್ಟೆಗಳನ್ನು ಅಲ್ಲಲ್ಲೇ ಬಿಟ್ಟು, ಎಲ್ಲರೂ ಫೋಟೊಗೆ ಹೊರಟೆವು.

ಆಗ ನಮಗೆ ಕಲಿಸಿದ್ದ ಗ್ರೇಸ್ ಮಿಸ್ ಪೊರಕೆ ಹಿಡಿದು ಬಂದರು. "ಶನಿವಾರ ಕೊನೇ ಬೆಂಚಿನ ಸರದಿ. ನಿಂದೇ ಅಲ್ವೇನೋ?"

"ಆಯಾ ಇದಾರಲ್ಲ ಮಿಸ್?"

"ಆಯಾ ನಿನ್ ಬೆಂಚಲ್ಲಿ ಕೂತಿದ್ರೇನೋ?"

ರೇಷ್ಮೆ ಶರಟಿನಲ್ಲೇ ಗುಡಿಸಿದೆ. ಮಿಸ್ ಬಗ್ಗಿ ನೋಡಿದರು. "ಭಾಷಣ ಚೆನ್ನಾಗಿತ್ತು ಕಣೋ. ಬೆಂಚಿನ ಕೆಳಗೆ ಕಸ ಹಾಗೇ ಇದೆ."

ಗ್ರೂಪ್ ಫೋಟೊದಲ್ಲಿ ನನ್ನನ್ನು ಹುಡುಕಬೇಡಿ. ಬೆಂಚಿನ ಕೆಳಗಿದ್ದೆ.